ಮೆಂತ್ಯದ ಲೋಳೆ, ಕರುಳಿನ ಜೀವಿಗಳು ಮತ್ತು ರಕ್ತದ ಸಕ್ಕರೆ

(ಗ್ರಾಮ ಪಂಚಾಯತಿ ಸದಸ್ಯರ ಆರೋಗ್ಯ ತಿಳುವಳಿಕೆ ಕಾರ್ಯಕ್ರಮದಲ್ಲಿ ನೀಡಲಾದ ಉಪನ್ಯಾಸದ ಪಠ್ಯ. ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಗ್ರಾಮ ಪಂಚಾಯತಿ ಸದಸ್ಯರ ಮನೆಯ ಜಗುಲಿಗೆ ರಸ್ತೆ, ನೀರು, ದೀಪ, ಮನೆ ಹಂಚಿಕೆಯ ಅಹವಾಲುಗಳು ಬರುವಂತೆಯೇ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಪ್ರಶ್ನೆಯೂ ಬರುತ್ತಿದೆ. ಒಂದು ಕೈಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಕೊಟ್ಟ ಸಕ್ಕರೆ ಕಾಯಿಲೆಯ ಮಾತ್ರೆ, ಇನ್ನೊಂದು ಕೈಯಲ್ಲಿ ಸಂತೆಯಲ್ಲಿ ಕೊಂಡ ಗಿಡಮೂಲಿಕೆಯ ಪುಡಿಯ ಪೊಟ್ಟಣ ಹಿಡಿದು ಬಂದವರು, "ಇದನ್ನು ತಿಂದರೆ ಅದನ್ನು ಬಿಡಬಹುದೇ?" ಎಂದು ಕೇಳುತ್ತಾರೆ. ಸದಸ್ಯರು ವೈದ್ಯರಲ್ಲ. ಆದರೂ ಊರಿನವರು ವೈದ್ಯರಿಗಿಂತ ಮೊದಲು ಅವರನ್ನೇ ಕೇಳುತ್ತಾರೆ. ಅವರ ಬಾಯಿಂದ ಬಂದ ಒಂದು ಮಾತಿನ ಮೇಲೆ ಎಷ್ಟೋ ಮನೆಗಳಲ್ಲಿ ಮಾತ್ರೆ ಮುಂದುವರಿಯುತ್ತದೆ ಅಥವಾ ನಿಲ್ಲುತ್ತದೆ. ಆ ಮಾತು ತಿಳಿದು ಆಡಿದ ಮಾತಾಗಬೇಕು ಎಂಬುದೇ ಈ ಉಪನ್ಯಾಸದ ಉದ್ದೇಶ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಅಂದಾಜು ಮಾಡಿತು. ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ಇದು ಪಟ್ಟಣದ ಕಾಯಿಲೆ ಎಂಬ ಭಾವನೆ ಈಗ ಉಳಿದಿಲ್ಲ. ಗ್ರಾಮೀಣ ಪ್ರದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಗೆ ಮಧುಮೇಹವಿರುವುದನ್ನು ಅದೇ ಅಧ್ಯಯನ ತೋರಿಸಿದೆ. ಹೀಗಿರುವಾಗ ಗಿಡಮೂಲಿಕೆ, ಕಾಳು, ಸೊಪ್ಪುಗಳಿಂದ ಸಕ್ಕರೆ ಹತೋಟಿಗೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಅದರಲ್ಲಿ ಸತ್ಯಾಂಶವಿದೆ. ಆ ಸತ್ಯಾಂಶ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅರಿಯಲು ಮೊದಲು ಕರುಳಿನೊಳಗಿನ ವ್ಯವಹಾರವನ್ನು ತಿಳಿಯಬೇಕು.

ಹಸುವಿನ ಹೊಟ್ಟೆಯಿಂದ ಒಂದು ಪಾಠ

ಹಸು ಒಣಹುಲ್ಲು ತಿಂದು ಹಾಲು ಕೊಡುತ್ತದೆ. ಆದರೆ ಹುಲ್ಲಿನ ನಾರನ್ನು ಒಡೆಯುವ ಶಕ್ತಿ ಹಸುವಿನ ದೇಹಕ್ಕೇ ಇಲ್ಲ. ಅದರ ಮೊದಲ ಹೊಟ್ಟೆಯಲ್ಲಿ ವಾಸಿಸುವ ಅಸಂಖ್ಯಾತ ಸೂಕ್ಷ್ಮಾಣುಗಳು ನಾರನ್ನು ಹುದುಗಿಸಿ, ಅದರಿಂದ ಹೊರಬರುವ ಆಮ್ಲಗಳನ್ನು ಹಸುವಿಗೆ ಒದಗಿಸುತ್ತವೆ. ಹಸು ಆ ಜೀವಿಗಳಿಗೆ ಮೇವು ಹಾಕುತ್ತದೆ. ಅವು ಹಸುವನ್ನು ಸಾಕುತ್ತವೆ.

ಮನುಷ್ಯನ ದೊಡ್ಡ ಕರುಳಿನಲ್ಲಿಯೂ ಇದೇ ವ್ಯವಸ್ಥೆ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಪಿಷ್ಟವನ್ನು ಜೊಲ್ಲು ಮತ್ತು ಮೇದೋಜೀರಕ ಗ್ರಂಥಿಯ ಕಿಣ್ವಗಳು ಸಣ್ಣ ಕರುಳಿನಲ್ಲೇ ಗ್ಲೂಕೋಸ್ ಆಗಿ ಒಡೆಯುತ್ತವೆ. ಅದು ನೇರವಾಗಿ ರಕ್ತಕ್ಕೆ ಸೇರುತ್ತದೆ. ಆದರೆ ಸಸ್ಯಗಳಲ್ಲಿ ಪಿಷ್ಟವಲ್ಲದೆ ಬೇರೆ ಬಗೆಯ ಶರ್ಕರ ಪದಾರ್ಥಗಳೂ ಇವೆ. ಮೆಂತ್ಯದ ಲೋಳೆ, ಈರುಳ್ಳಿ ಬೆಳ್ಳುಳ್ಳಿಯ ಇನ್ಯುಲಿನ್ ವರ್ಗದ ಪದಾರ್ಥಗಳು, ಕಾಳುಗಳ ಸಿಪ್ಪೆಯ ನಾರು, ಬಾರ್ಲಿಯ ಅಂಟು ನಾರು ಇವೆಲ್ಲ ಸಕ್ಕರೆಯ ಕಣಗಳೇ ಸರಪಳಿಯಾಗಿ ಹೆಣೆದುಕೊಂಡವು. ಆದರೆ ಆ ಸರಪಳಿಯ ಕೊಂಡಿಗಳನ್ನು ಬಿಡಿಸುವ ಕಿಣ್ವ ಮನುಷ್ಯನಲ್ಲಿಲ್ಲ. ಆದ್ದರಿಂದ ಅವು ಒಡೆಯದೆ ದೊಡ್ಡ ಕರುಳನ್ನು ತಲಪುತ್ತವೆ. ಅಲ್ಲಿ ಕಾದಿರುವ ಬ್ಯಾಕ್ಟೀರಿಯಾಗಳಲ್ಲಿ ಒಂದೊಂದು ಜಾತಿಯೂ ತನಗೆ ಒಗ್ಗಿದ ನಾರಿಗೆ ಬೇಕಾದ ಕಿಣ್ವಗಳನ್ನು ಹೊಂದಿರುತ್ತದೆ. ಬ್ಯಾಕ್ಟೀರಾಯ್ಡಿಸ್ ಎಂಬ ಕುಲದ ಒಂದೇ ಒಂದು ಜಾತಿಯಲ್ಲಿ ಸಸ್ಯ ಶರ್ಕರಗಳನ್ನು ಕತ್ತರಿಸುವ ಇನ್ನೂರಕ್ಕೂ ಹೆಚ್ಚು ಕಿಣ್ವಗಳ ಸೂಚನೆ ದೊರೆತಿದೆ.

ಮೆಂತ್ಯದ ಕಾಳು ಮಾಡುವ ಎರಡು ಕೆಲಸ

ಈ ವ್ಯವಹಾರವನ್ನು ಮೆಂತ್ಯದ ಕಾಳಿನ ಮೂಲಕ ನೋಡುವುದು ಸುಲಭ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕದ ಪ್ರಕಾರ 100 ಗ್ರಾಂ ಮೆಂತ್ಯದ ಕಾಳಿನಲ್ಲಿ ಸುಮಾರು 48 ಗ್ರಾಂ ನಾರಿದೆ. ಅಷ್ಟೇ ತೂಕದ ರಾಗಿಯಲ್ಲಿ ಸುಮಾರು 11 ಗ್ರಾಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತಲೂ ಕಡಿಮೆ. ರಾತ್ರಿ ನೆನೆಸಿಟ್ಟ ಮೆಂತ್ಯವು ಬೆಳಿಗ್ಗೆ ಲೋಳೆಯಾಗಿ ಕೈಗೆ ಅಂಟುವುದನ್ನು ಎಲ್ಲ ಗೃಹಿಣಿಯರೂ ಬಲ್ಲರು. ಆ ಲೋಳೆಯ ಹೆಸರು ಗ್ಯಾಲಕ್ಟೋಮ್ಯಾನನ್. ಮ್ಯಾನೋಸ್ ಎಂಬ ಸಕ್ಕರೆಯ ಉದ್ದನೆಯ ಸರಪಳಿಗೆ ಗ್ಯಾಲಕ್ಟೋಸ್ ಎಂಬ ಇನ್ನೊಂದು ಸಕ್ಕರೆ ರೆಂಬೆಗಳಂತೆ ಅಂಟಿಕೊಂಡಿರುವ ರಚನೆ ಅದು. ಗೋರಿಕಾಯಿಯ ಬೀಜದಲ್ಲಿರುವ ಅಂಟೂ ಇದೇ ವರ್ಗಕ್ಕೆ ಸೇರಿದ್ದು.

ಈ ಲೋಳೆಯ ಮೊದಲ ಕೆಲಸ ಸಣ್ಣ ಕರುಳಿನಲ್ಲಿ ನಡೆಯುತ್ತದೆ. ಊಟದೊಡನೆ ಬೆರೆತ ಲೋಳೆಯು ಆಹಾರವನ್ನು ಗಟ್ಟಿ ಗಂಜಿಯಂತೆ ಮಾಡುತ್ತದೆ. ಕಿಣ್ವಗಳು ಪಿಷ್ಟವನ್ನು ತಲಪುವುದು ನಿಧಾನವಾಗುತ್ತದೆ. ಒಡೆದ ಗ್ಲೂಕೋಸ್ ಕರುಳಿನ ಗೋಡೆಯನ್ನು ಮುಟ್ಟುವುದೂ ನಿಧಾನವಾಗುತ್ತದೆ. ಹೀಗಾಗಿ ಊಟವಾದ ಮೇಲೆ ರಕ್ತದ ಸಕ್ಕರೆ ಒಮ್ಮೆಲೇ ಏರುವ ಬದಲು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ.

ಎರಡನೆಯ ಕೆಲಸ ದೊಡ್ಡ ಕರುಳಿನಲ್ಲಿ ಗಂಟೆಗಳ ಅನಂತರ ಆರಂಭವಾಗುತ್ತದೆ. ಬ್ಯಾಕ್ಟೀರಿಯಾಗಳು ಮೊದಲು ಗ್ಯಾಲಕ್ಟೋಸಿನ ರೆಂಬೆಗಳನ್ನು ಸವರಿ, ಬಳಿಕ ಮ್ಯಾನೋಸಿನ ಕಾಂಡವನ್ನು ತುಂಡು ಮಾಡಿ ಹುದುಗಿಸುತ್ತವೆ. ಆಗ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಮೂರು ಕಿರು ಆಮ್ಲಗಳು ಉತ್ಪತ್ತಿಯಾಗುತ್ತವೆ. ಬ್ಯುಟಿರೇಟ್ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ನೇರ ಆಹಾರ. ಗೋಡೆ ಗಟ್ಟಿಯಾಗಿದ್ದರೆ ಉರಿಯೂತ ಉಂಟುಮಾಡುವ ಕಲ್ಮಶಗಳು ರಕ್ತಕ್ಕೆ ನುಸುಳುವುದು ಕಡಿಮೆಯಾಗುತ್ತದೆ. ಇದಲ್ಲದೆ ಈ ಆಮ್ಲಗಳು ಕರುಳಿನ ಗೋಡೆಯಲ್ಲಿರುವ ವಿಶೇಷ ಜೀವಕೋಶಗಳನ್ನು ಎಚ್ಚರಿಸುತ್ತವೆ. ಎಚ್ಚೆತ್ತ ಜೀವಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ಇನ್ಸುಲಿನ್ ಸ್ರವಿಸುವಂತೆ ಮೇದೋಜೀರಕ ಗ್ರಂಥಿಯನ್ನು ಪ್ರೇರೇಪಿಸುತ್ತದೆ, ಜಠರ ಖಾಲಿಯಾಗುವ ವೇಗವನ್ನು ತಗ್ಗಿಸುತ್ತದೆ ಮತ್ತು ಹೊಟ್ಟೆ ತುಂಬಿದ ಭಾವವನ್ನು ಕೊಡುತ್ತದೆ.

ಇದರಿಂದ ಒಂದು ಊಟದ ಫಲ ಮುಂದಿನ ಊಟಕ್ಕೂ ಮುಟ್ಟಬಲ್ಲದು. ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳಿಗ್ಗೆ ಮಸೂರದಂಥ ನಿಧಾನವಾಗಿ ಜೀರ್ಣವಾಗುವ ಬೇಳೆಯನ್ನು ತಿಂದವರಲ್ಲಿ ಮಧ್ಯಾಹ್ನದ ಊಟದ ಅನಂತರವೂ ಸಕ್ಕರೆಯ ಏರಿಕೆ ಕಡಿಮೆಯಾಗಿತ್ತು. ಇದರಲ್ಲಿ ನಿಧಾನ ಜೀರ್ಣಕ್ರಿಯೆಯ ಪಾಲೂ ಇದೆ, ಕರುಳಿನ ಹುದುಗುವಿಕೆಯ ಪಾಲೂ ಇದೆ ಎಂದು ಮುಂದಿನ ಸಂಶೋಧನೆಗಳು ಅಭಿಪ್ರಾಯಪಟ್ಟಿವೆ.

ಪ್ರಯೋಗಗಳು ಹೇಳಿದ್ದೇನು, ಹೇಳದೆ ಇದ್ದದ್ದೇನು

ಮೆಂತ್ಯದ ಬಗ್ಗೆ ಹೆಚ್ಚಾಗಿ ಉಲ್ಲೇಖಗೊಳ್ಳುವ ಅಧ್ಯಯನಗಳಲ್ಲೊಂದು ನಡೆದದ್ದು ಅದೇ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ. ಆರ್. ಡಿ. ಶರ್ಮಾ ಮತ್ತು ಸಹೋದ್ಯೋಗಿಗಳು 1990ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಇನ್ಸುಲಿನ್ ಅವಲಂಬಿತ ಮಧುಮೇಹಿಗಳಿಗೆ ಹತ್ತು ದಿನಗಳ ಕಾಲ, ಎಣ್ಣೆಯಂಶ ತೆಗೆದ 100 ಗ್ರಾಂ ಮೆಂತ್ಯದ ಪುಡಿಯನ್ನು ಮಧ್ಯಾಹ್ನ ಮತ್ತು ರಾತ್ರಿಯ ಊಟದಲ್ಲಿ ಎರಡು ಸಮಪಾಲಾಗಿ ಬೆರೆಸಿ ಕೊಡಲಾಯಿತು. ಖಾಲಿ ಹೊಟ್ಟೆಯ ಸಕ್ಕರೆ ಗಣನೀಯವಾಗಿ ತಗ್ಗಿತು. ದಿನವೊಂದರಲ್ಲಿ ಮೂತ್ರದ ಮೂಲಕ ಹೋಗುತ್ತಿದ್ದ ಸಕ್ಕರೆ ಶೇ. 54ರಷ್ಟು ಇಳಿಯಿತು.

ಈ ಫಲಿತಾಂಶವನ್ನು ಹೇಳುವಾಗ ಮೂರು ಸಂಗತಿಗಳನ್ನು ಬಿಡುವಂತಿಲ್ಲ. ಬಳಸಿದ ಪ್ರಮಾಣ ದಿನಕ್ಕೆ 100 ಗ್ರಾಂ; ಸಂತೆಯ ಪೊಟ್ಟಣದ ಒಂದು ಚಮಚ ಪುಡಿಗೂ ಇದಕ್ಕೂ ಹೋಲಿಕೆಯಿಲ್ಲ. ಅವಧಿ ಹತ್ತೇ ದಿನ. ಮೆಂತ್ಯವು ಊಟದ ಒಂದು ಭಾಗವಾಗಿತ್ತೇ ಹೊರತು ಇನ್ಸುಲಿನ್‌ಗೆ ಬದಲಿಯಾಗಿರಲಿಲ್ಲ.

ಕರುಳಿನ ಬ್ಯಾಕ್ಟೀರಿಯಾಗಳ ಪಾತ್ರವನ್ನು ಹೆಚ್ಚು ನೇರವಾಗಿ ಪರೀಕ್ಷಿಸಿದ ಅಧ್ಯಯನ ಚೀನಾ ದೇಶದ ಶಾಂಘೈ ನಗರದ್ದು. ಝಾವೊ ಲಿಪಿಂಗ್ ಅವರ ತಂಡವು 2018ರಲ್ಲಿ ಅದನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. ಎರಡನೆಯ ಬಗೆಯ ಮಧುಮೇಹವಿದ್ದ 43 ಮಂದಿಯಲ್ಲಿ 27 ಮಂದಿಗೆ ಇಡೀ ಧಾನ್ಯ, ಚೀನೀ ಸಂಪ್ರದಾಯದ ಔಷಧೀಯ ಆಹಾರ ಸಸ್ಯಗಳು ಮತ್ತು ನಾರಿನ ಪದಾರ್ಥಗಳುಳ್ಳ ಆಹಾರ ದೊರೆಯಿತು. ಉಳಿದವರು ಸಾಮಾನ್ಯ ಪಥ್ಯದಲ್ಲಿದ್ದರು. ಎರಡೂ ಗುಂಪಿನವರು ಅಕಾರ್ಬೋಸ್ ಎಂಬ ಮಾತ್ರೆಯನ್ನು ಸೇವಿಸುತ್ತಿದ್ದರು. ಹನ್ನೆರಡು ವಾರಗಳ ಕೊನೆಗೆ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ. 7ಕ್ಕಿಂತ ಕೆಳಗಿಳಿದವರು ನಾರಿನ ಆಹಾರದ ಗುಂಪಿನಲ್ಲಿ ನೂರಕ್ಕೆ 89, ಇನ್ನೊಂದರಲ್ಲಿ ನೂರಕ್ಕೆ 50. ಕಿರು ಆಮ್ಲಗಳನ್ನು ಉತ್ಪಾದಿಸಬಲ್ಲ ಬ್ಯಾಕ್ಟೀರಿಯಾ ತಳಿಗಳು ನೂರಕ್ಕೂ ಹೆಚ್ಚಿದ್ದರೂ, ಈ ಆಹಾರದಿಂದ ಹುಲುಸಾಗಿ ಬೆಳೆದವು ಹದಿನೈದು ಮಾತ್ರ. ಅವು ಹೆಚ್ಚು ವೈವಿಧ್ಯದಿಂದ, ಹೆಚ್ಚು ಸಂಖ್ಯೆಯಲ್ಲಿ ಬೆಳೆದವರಲ್ಲಿ ಸಕ್ಕರೆಯೂ ಹೆಚ್ಚು ಹತೋಟಿಗೆ ಬಂದಿತ್ತು.

ಎಲ್ಲರಿಗೂ ಒಂದೇ ಫಲ ಏಕೆ ದೊರೆಯುವುದಿಲ್ಲ ಎಂಬುದಕ್ಕೆ ಸ್ವೀಡನ್ನಿನ 2015ರ ಅಧ್ಯಯನವೊಂದು ಉತ್ತರದ ದಾರಿ ತೋರಿಸಿತು. ಅಲ್ಲಿ 39 ಮಂದಿ ಆರೋಗ್ಯವಂತರಿಗೆ ಮೂರು ದಿನ ಬಾರ್ಲಿ ಕಾಳಿನ ಬ್ರೆಡ್ ಕೊಡಲಾಯಿತು. ಕೆಲವರಲ್ಲಿ ಊಟದ ಅನಂತರದ ಸಕ್ಕರೆ ಚೆನ್ನಾಗಿ ಇಳಿಯಿತು, ಕೆಲವರಲ್ಲಿ ಇಳಿಯಲಿಲ್ಲ. ಇಳಿದವರ ಕರುಳಿನಲ್ಲಿ ಪ್ರಿವೋಟೆಲ್ಲಾ ಎಂಬ ಬ್ಯಾಕ್ಟೀರಿಯಾದ ಪಾಲು ಹೆಚ್ಚಿತ್ತು. ಧಾನ್ಯ, ಬೇಳೆ, ತರಕಾರಿಗಳನ್ನೇ ಮುಖ್ಯವಾಗಿ ಉಣ್ಣುವ ಜನರ ಕರುಳಿನಲ್ಲಿ ಈ ಜೀವಿ ಸಾಮಾನ್ಯವಾಗಿ ಹೆಚ್ಚಾಗಿರುತ್ತದೆ. ಆಯುರ್ವೇದದ ಚರಕ ಸಂಹಿತೆಯು ಪ್ರಮೇಹ ರೋಗಿಗಳ ಪಥ್ಯದಲ್ಲಿ ಯವಕ್ಕೆ, ಅಂದರೆ ಬಾರ್ಲಿಗೆ, ಮುಖ್ಯ ಸ್ಥಾನ ಕೊಟ್ಟಿದೆ ಎಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಈ ಎಲ್ಲ ಅಧ್ಯಯನಗಳೂ ಕೆಲವೇ ಜನರ ಮೇಲೆ, ಕೆಲವೇ ದಿನ ಅಥವಾ ವಾರಗಳ ಕಾಲ ನಡೆದವು. ಅವು ದಾರಿ ತೋರುತ್ತವೆ. ಯಾವ ಒಂದು ಮೂಲಿಕೆಯನ್ನೂ ಮಧುಮೇಹದ ಮದ್ದೆಂದು ಸಾರುವುದಿಲ್ಲ.

ಒಂದು ಪೊಟ್ಟಣಕ್ಕೂ ನಿತ್ಯದ ಅಡುಗೆಗೂ ಇರುವ ಅಂತರ

ಈ ವಿವರಗಳಿಂದ ಹೊರಡುವ ಮುಖ್ಯ ಮಾತು ಇಷ್ಟೇ. ನಾರಿನ ಫಲ ದೊರೆಯುವುದು ಅದನ್ನು ಉಣ್ಣುವ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ನೆಲೆಗೊಂಡಿದ್ದರೆ ಮಾತ್ರ. ಅವು ನೆಲೆಗೊಳ್ಳುವುದು ದಿನವೂ ಮೇವು ಸಿಕ್ಕಿದರೆ ಮಾತ್ರ. ಎರಡು ದಿನ ಮೇವು ಹಾಕಿ ಎಂಟು ದಿನ ಮರೆತರೆ ಹಸು ಹಾಲು ಕೊಡದು. ಮೇವು ಸಿಗದ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯನ್ನು ಕಾಯುವ ಲೋಳೆಪದರವನ್ನೇ ತಿನ್ನತೊಡಗುತ್ತವೆ ಎಂಬುದನ್ನು ಇಲಿಗಳ ಮೇಲೆ ನಡೆದ 2016ರ ಪ್ರಯೋಗವೊಂದು ತೋರಿಸಿದೆ. ಆದ್ದರಿಂದ ಮೂರು ಹೊತ್ತೂ ಬಿಳಿ ಅನ್ನ ಉಂಡು ಬೆಳಿಗ್ಗೆ ಒಂದು ಚಮಚ ಪುಡಿ ನುಂಗುವುದಕ್ಕಿಂತ, ಊಟದ ತಟ್ಟೆಯನ್ನೇ ಬದಲಿಸುವುದು ಹೆಚ್ಚು ಫಲಕಾರಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು.

ಅದಕ್ಕೆ ದೂರದ ಮೂಲಿಕೆ ಬೇಕಿಲ್ಲ. ಹುರುಳಿ, ಅವರೆ, ಅಲಸಂದೆ, ಹೆಸರುಕಾಳು, ಕಡಲೆ. ಮೆಂತ್ಯ ಸೊಪ್ಪು, ನುಗ್ಗೆ ಸೊಪ್ಪು, ಬೆರಕೆ ಸೊಪ್ಪು. ಗೋರಿಕಾಯಿ, ಬಾಳೆದಿಂಡು, ಬಾಳೆಕಾಯಿ. ರಾಗಿ, ಜೋಳ, ನವಣೆ ಎಲ್ಲವೂ ಊರಿನ ಹೊಲದಲ್ಲೋ ಹಿತ್ತಿಲಿನಲ್ಲೋ ಬೆಳೆಯುವಂಥವು. ಒಂದೊಂದರ ನಾರೂ ಬೇರೆ ಬೇರೆ ಬಗೆಯದು. ಆದ್ದರಿಂದ ಬೇರೆ ಬೇರೆ ಬ್ಯಾಕ್ಟೀರಿಯಾಗಳಿಗೆ ಮೇವಾಗುತ್ತದೆ. ಬಗೆಬಗೆಯ ಕಾಳು ಸೊಪ್ಪು ಉಣ್ಣುವುದರ ಅರ್ಥ ಇದೇ.

ರಾಗಿಯ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ. ರಾಗಿ ಎಂದೊಡನೆ ಸಕ್ಕರೆ ಏರದು ಎಂಬ ನಂಬಿಕೆ ಇದೆ. ಆದರೆ ನುಣ್ಣಗೆ ಬೀಸಿ, ಜರಡಿ ಹಿಡಿದು ತೌಡು ತೆಗೆದು, ಬೆಲ್ಲ ಹಾಕಿ ಕುಡಿದ ಗಂಜಿ ಸಕ್ಕರೆಯನ್ನು ಬೇಗನೆ ಏರಿಸಬಲ್ಲದು. ಅದೇ ರಾಗಿಯನ್ನು ತೌಡು ಸಹಿತ ಬೀಸಿ, ಅಳತೆಯಲ್ಲಿ ಮುದ್ದೆ ಮಾಡಿ, ಸೊಪ್ಪು ಕಾಳಿನ ಸಾರಿನೊಡನೆ ಉಂಡರೆ ಪರಿಣಾಮ ಬೇರೆ.

ಮಾತ್ರೆಯ ವಿಚಾರ

"ಮಾತ್ರೆ ಬಿಡಬಹುದೇ?" ಎಂಬ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿರಬೇಕು: ವೈದ್ಯರು ಹೇಳದೆ ಬಿಡಬಾರದು. ಸಕ್ಕರೆ ಏರಿದಾಗ ಹೆಚ್ಚಿನವರಿಗೆ ನೋವಿರುವುದಿಲ್ಲ. ಆದ್ದರಿಂದಲೇ ಮಾತ್ರೆ ನಿಲ್ಲಿಸಿದವರಿಗೆ ತಿಂಗಳುಗಟ್ಟಲೆ ಏನೂ ಆಗಿಲ್ಲವೆಂದೇ ತೋರುತ್ತದೆ. ಆ ಅವಧಿಯಲ್ಲಿ ಕಣ್ಣಿನ ಪರದೆ, ಮೂತ್ರಪಿಂಡ ಮತ್ತು ಪಾದದ ನರಗಳು ಒಳಗೊಳಗೇ ಹಾಳಾಗುತ್ತಿರುತ್ತವೆ. ಪಾದದ ಹುಣ್ಣು ಮಾಯದೆ ಬೆರಳು ಕಳೆದುಕೊಂಡ ಬಳಿಕ ಪುಡಿ ಮಾರಿದವನನ್ನು ಹುಡುಕಿ ಫಲವಿಲ್ಲ. ಇನ್ಸುಲಿನ್ ಅವಲಂಬಿತ ರೋಗಿಗಳು ಚುಚ್ಚುಮದ್ದು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯವಾಗಬಹುದು.

ಮಾತ್ರೆಗೂ ಸಸ್ಯಕ್ಕೂ ವೈರವಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವನ್ನು ಹುಡುಕಿದರೆ ಯೂರೋಪಿನ ಗೆಲೇಗಾ ಎಂಬ ಗಿಡಮೂಲಿಕೆಯವರೆಗೆ ಹೋಗಬೇಕಾಗುತ್ತದೆ. ಆ ಗಿಡದಲ್ಲಿದ್ದ ಪದಾರ್ಥವು ನೇರ ಬಳಕೆಗೆ ವಿಷಕಾರಿಯಾಗಿತ್ತು; ಅದರ ಸುಳಿವು ಹಿಡಿದು ರಸಾಯನ ಶಾಸ್ತ್ರಜ್ಞರು ಸುರಕ್ಷಿತವಾದ ಅಳತೆಯ ಮಾತ್ರೆಯನ್ನು ರೂಪಿಸಿದರು. ಅಷ್ಟೇ ಅಲ್ಲ, ಈ ಮಾತ್ರೆ ಕರುಳಿನ ಬ್ಯಾಕ್ಟೀರಿಯಾಗಳ ಮೇಲೂ ಪರಿಣಾಮ ಬೀರುತ್ತದೆ ಎಂದು ಸಂಶೋಧನೆಗಳು ತಿಳಿಸಿವೆ.

ಮೆಂತ್ಯವನ್ನು ಅಡುಗೆಯ ಪ್ರಮಾಣದಲ್ಲಿ ಬಳಸುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ಸೇವಿಸುವವರು ವೈದ್ಯರಿಗೆ ತಿಳಿಸಬೇಕು. ಮಾತ್ರೆಯೊಡನೆ ಸೇರಿ ಸಕ್ಕರೆ ಅತಿಯಾಗಿ ಇಳಿದರೆ ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಆಗ ತಕ್ಷಣ ಸಕ್ಕರೆ ಅಥವಾ ಸಿಹಿ ಪಾನೀಯ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಗರ್ಭಿಣಿಯರು ಮೆಂತ್ಯವನ್ನು ಔಷಧದ ಪ್ರಮಾಣದಲ್ಲಿ ಸೇವಿಸಬಾರದು. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರವಾಗುತ್ತದೆ. ವಾರಗಳ ಅವಧಿಯಲ್ಲಿ ಮೆಲ್ಲಗೆ ಹೆಚ್ಚಿಸಿ, ನೀರನ್ನು ಸಾಕಷ್ಟು ಕುಡಿಯಬೇಕು.

ಪಂಚಾಯತಿಯ ಕೈಯಲ್ಲಿರುವ ಕೆಲಸಗಳು

ಮೊದಲನೆಯದು ಸಂತೆ. ಸಂತೆಯ ಜಾಗದ ಸುಂಕವನ್ನು ಪಂಚಾಯತಿ ವಸೂಲು ಮಾಡುತ್ತದೆ ಎಂದಮೇಲೆ ಅಲ್ಲಿ ಧ್ವನಿವರ್ಧಕದಲ್ಲಿ ಏನನ್ನು ಸಾರಲಾಗುತ್ತಿದೆ ಎಂಬುದನ್ನು ಕೇಳುವ ಹೊಣೆಯೂ ಅದಕ್ಕಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಅಧಿನಿಯಮವು ಮಧುಮೇಹವನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ನೀಡುವುದನ್ನು ನಿಷೇಧಿಸಿದೆ. ಮೆಂತ್ಯ ಮಾರುವುದು ತಪ್ಪಲ್ಲ. "ಮಾತ್ರೆ ಬಿಡಿ, ನಲವತ್ತು ದಿನದಲ್ಲಿ ಕಾಯಿಲೆ ಮಾಯ" ಎಂದು ಸಾರುವುದು ತಪ್ಪು. ಅಂಥ ಪ್ರಚಾರ ಕಂಡುಬಂದರೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಗಮನಕ್ಕೆ ಲಿಖಿತವಾಗಿ ತರಬೇಕು.

ಎರಡನೆಯದು ತಪಾಸಣೆ. ಮೂವತ್ತು ವರ್ಷ ದಾಟಿದವರಿಗೆ ರಕ್ತದೊತ್ತಡ ಮತ್ತು ಮಧುಮೇಹದ ಉಚಿತ ತಪಾಸಣೆ ಉಪಕೇಂದ್ರಗಳಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ನಡೆಯುತ್ತದೆ. ವಾರ್ಡ್ ಸಭೆಯ ದಿನವೇ ಸಮುದಾಯ ಆರೋಗ್ಯಾಧಿಕಾರಿ ಮತ್ತು ಆಶಾ ಕಾರ್ಯಕರ್ತೆಯರ ನೆರವಿನಿಂದ ತಪಾಸಣೆ ಏರ್ಪಡಿಸಿದರೆ ಕೂಲಿ ಬಿಟ್ಟು ಬರಬೇಕಾದ ಕಷ್ಟ ತಪ್ಪುತ್ತದೆ. ಸದಸ್ಯರು ಮೊದಲು ತಮ್ಮ ಬೆರಳನ್ನೇ ಚಾಚಿದರೆ ಉಳಿದವರ ಅಳುಕು ಹೋಗುತ್ತದೆ.

ಮೂರನೆಯದು ತಟ್ಟೆ. ಶಾಲೆ ಮತ್ತು ಅಂಗನವಾಡಿಗಳ ಕೈತೋಟದಲ್ಲಿ ನುಗ್ಗೆ, ಮೆಂತ್ಯ, ಗೋರಿಕಾಯಿ, ಬಸಳೆ ಬೆಳೆಸುವುದಕ್ಕೆ ನೀರಿನ ವ್ಯವಸ್ಥೆ ಮಾಡಿಕೊಡಬಹುದು. ಸ್ವಸಹಾಯ ಸಂಘದ ಮಹಿಳೆಯರು ತಯಾರಿಸುವ ಹಿಟ್ಟು, ಕಾಳುಪುಡಿಗಳನ್ನು ಪ್ರೋತ್ಸಾಹಿಸುವಾಗ ಅವುಗಳ ಚೀಟಿಯಲ್ಲಿ ಆಹಾರವೆಂದೇ ಬರೆಯುವಂತೆ, ಔಷಧವೆಂದು ಬರೆಯದಂತೆ ತಿಳಿಹೇಳಬೇಕು. ಇದರಿಂದ ಗ್ರಾಹಕರಿಗೂ ಕ್ಷೇಮ, ಸಂಘದವರಿಗೂ ಕ್ಷೇಮ.

ಮಾನ್ಯ ಸದಸ್ಯರೇ, ಜಗುಲಿಯ ಮೇಲೆ ಕುಳಿತು ಪೊಟ್ಟಣ ತೋರಿಸುವ ವ್ಯಕ್ತಿಗೆ ಕೊಡಬೇಕಾದ ಉತ್ತರ ಉದ್ದವಾಗಿರಬೇಕಿಲ್ಲ: "ಮೆಂತ್ಯ ಒಳ್ಳೆಯದು, ಊಟದಲ್ಲಿ ಸೇರಲಿ. ಕಾಳು ಸೊಪ್ಪು ಹೆಚ್ಚಲಿ, ಅನ್ನ ತಗ್ಗಲಿ. ಮಾತ್ರೆ ನಡೆಯಲಿ. ಮೂರು ತಿಂಗಳ ಬಳಿಕ ಪರೀಕ್ಷೆ ಮಾಡಿಸಿ. ಸಕ್ಕರೆ ಇಳಿದಿದ್ದರೆ ಮಾತ್ರೆ ಕಡಿಮೆ ಮಾಡುವುದನ್ನು ಡಾಕ್ಟರು ಹೇಳಲಿ." ಈ ಮಾತು ಪ್ರತಿ ವಾರ್ಡಿನಲ್ಲೂ ಒಂದೇ ರೀತಿಯಲ್ಲಿ ಕೇಳಿಬಂದರೆ ಅನೇಕ ಮನೆಗಳಲ್ಲಿ ಕಣ್ಣು, ಕಾಲು, ಮೂತ್ರಪಿಂಡಗಳು ಉಳಿಯುತ್ತವೆ.